ಆನೆಯೊಡನೆ ಬಂದ ಮಾತುಗಳು

ಮೈಸೂರಿನಿಂದ ಹೆಗ್ಗಡದೇವನಕೋಟೆಯನ್ನು ಹಾದು ಕೇರಳದ ಮಾನಂದವಾಡಿಗೆ ಸಾಗುವ ಹಾದಿಯಲ್ಲಿ ಹಂಪಾಪುರವೆಂಬ ಊರಿದೆ. ಅಲ್ಲಿನ ವಿದ್ಯಾರ್ಥಿಯೊಬ್ಬನು ತನ್ನ ವಿಳಾಸವನ್ನು ಬರೆಯುವಾಗ ‘ಹಂಪಾಪುರ ಹೋಬಳಿ, ಹೆಗ್ಗಡದೇವನಕೋಟೆ ತಾಲ್ಲೂಕು, ಮೈಸೂರು ಜಿಲ್ಲೆ’ ಎಂದು ಬರೆಯುತ್ತಾನೆ. ಈ ಒಂದು ಸಾಲಿನಲ್ಲಿಯೇ ಹಲವು ಭಾಷೆಗಳು ಒಟ್ಟಾಗಿ ಕುಳಿತಿವೆ. ‘ಪುರ’ ಎಂಬುದು ಸಂಸ್ಕೃತದ ಮಾತು. ‘ತಾಲ್ಲೂಕು’ ಅರಬ್ಬಿ ಮೂಲದ್ದು. ‘ಸಂಬಂಧಪಟ್ಟದ್ದು’ ಎಂಬುದು ಅದರ ಮೊದಲ ಅರ್ಥ. ‘ಜಿಲ್ಲೆ’ಯೂ ಅರಬ್ಬಿಯಿಂದಲೇ ಬಂದುದು; ಅದರ ಮೂಲಾರ್ಥ ‘ಪಕ್ಕೆ’ ಅಥವಾ ‘ಪಕ್ಕೆಲುಬು’. ಆ ವಿದ್ಯಾರ್ಥಿಯು ಶಾಲೆಗೆ ಹೋಗಲು ಕಾಯುವ ‘ಬಸ್ಸು’ ಮಾತ್ರ ಇಂಗ್ಲಿಷಿನದು. ಅದೂ ಇಡೀ ಪದವಲ್ಲ, ಪದದ ಬಾಲ. ‘ಎಲ್ಲರಿಗಾಗಿ’ ಎಂಬರ್ಥದ ‘ಆಮ್ನಿಬಸ್’ ಎಂಬ ಲ್ಯಾಟಿನ್ ಪದದ ಕೊನೆಯ ಭಾಗವೇ ‘ಬಸ್’ ಆಗಿ ಉಳಿಯಿತು. ಎಲ್ಲರನ್ನೂ ಹೊತ್ತೊಯ್ಯುವ ಗಾಡಿಗೆ ಇದಕ್ಕಿಂತ ಒಪ್ಪುವ ಹೆಸರು ದೊರೆಯುವುದು ಕಷ್ಟ.

ಹೀಗೆ ಪ್ರತಿಯೊಂದು ಪದಕ್ಕೂ ಒಂದು ಊರಿದೆ, ಒಂದು ಪಯಣವಿದೆ. ಜನರು ಒಂದೆಡೆಯಿಂದ ಇನ್ನೊಂದೆಡೆಗೆ ಹೋಗುವಂತೆ ಮಾತುಗಳೂ ಹೋಗುತ್ತವೆ. ಹೋದೆಡೆಯಲ್ಲಿ ವೇಷವನ್ನು ಬದಲಿಸುತ್ತವೆ. ಕೆಲವೊಮ್ಮೆ ಸ್ವಭಾವವನ್ನೂ ಬದಲಿಸುತ್ತವೆ. ನಮ್ಮ ವೈಯಾಕರಣರು ಇದನ್ನು ಬಹು ಹಿಂದೆಯೇ ಗುರುತಿಸಿದ್ದರು. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ಸಂಸ್ಕೃತ ಪದಗಳು ಕನ್ನಡದಲ್ಲಿ ತದ್ಭವಗಳಾಗುವ ಬಗೆಯನ್ನು ವಿವರಿಸಲು ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಮೇಲೆ ಬಂದ ‘ಪಯಣ’ವೂ ‘ಪ್ರಯಾಣ’ದ ತದ್ಭವವೇ. ಪದಗಳ ಇಂಥ ಪಯಣವನ್ನು ತಿಳಿಯಲು ಹಂಪಾಪುರದ ಸೀಮೆಯವರು ದೂರ ಹೋಗಬೇಕಾಗಿಲ್ಲ. ಅದೇ ಹಾದಿಯಲ್ಲಿ ಇನ್ನೂ ಮುಂದೆ ಸಾಗಿದರೆ ಅಂತರಸಂತೆಯ ಆಚೆ ಕಾಡು ಮೊದಲಾಗುತ್ತದೆ. ಆ ಕಾಡಿನ ಬಳ್ಳೆ ಎಂಬಲ್ಲಿ ಆನೆಗಳ ಶಿಬಿರವಿದೆ. ಇಂಗ್ಲಿಷ್ ಭಾಷೆಯು ಭಾರತದಿಂದ ಪಡೆದ ಪದಗಳಲ್ಲಿ ಒಂದು ಇಡೀ ಗುಂಪು ಆನೆಯ ಬೆನ್ನೇರಿ ಹೋದುದೇ ಆಗಿದೆ.

ಬಳ್ಳೆಯ ಶಿಬಿರದಲ್ಲಿ ಅರ್ಜುನನೆಂಬ ಆನೆ ಬಹುಕಾಲ ಬಾಳಿತು. ಅದನ್ನು 1968ರಲ್ಲಿ ಕಾಕನಕೋಟೆಯ ಕಾಡಿನಲ್ಲಿ ಖೆಡ್ಡಾದ ಮೂಲಕ ಹಿಡಿಯಲಾಗಿತ್ತು. ಮಾವುತರ ಕೈಯಲ್ಲಿ ಪಳಗಿ, 2012ರಿಂದ 2019ರವರೆಗೆ ಎಂಟು ವರ್ಷ ಮೈಸೂರಿನ ದಸರಾ ಮೆರವಣಿಗೆಯಲ್ಲಿ ಅದು ಚಿನ್ನದ ಅಂಬಾರಿಯನ್ನು ಹೊತ್ತಿತು. 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯಲ್ಲಿ ಕಾಡಾನೆಯನ್ನು ಹಿಡಿಯುವ ಕಾರ್ಯಕ್ಕೆ ಕುಮ್ಕಿ ಆನೆಯಾಗಿ ಹೋಗಿ, ಆ ಕಾಡಾನೆಯೊಡನೆ ಕಾದಾಡಿ ಪ್ರಾಣಬಿಟ್ಟಿತು. ಖೆಡ್ಡಾ, ಮಾವುತ, ಅಂಬಾರಿ, ಕುಮ್ಕಿ ಎಂಬ ನಾಲ್ಕು ಪದಗಳು ಅರ್ಜುನನ ಬಾಳಿನಲ್ಲಿ ಒಂದಾದ ಮೇಲೊಂದು ಬಂದವು. ಆ ನಾಲ್ಕೂ ಒಂದೇ ಕಡೆಯಿಂದ ಬಂದ ಪದಗಳಲ್ಲ.

ಮೊದಲು ‘ಖೆಡ್ಡಾ’ವನ್ನು ನೋಡಬಹುದು. ಹಿಂದಿಯಲ್ಲಿ ‘ಖೇದ್‌ನಾ’ ಎಂದರೆ ಬೆನ್ನಟ್ಟುವುದು, ಅಟ್ಟಿಕೊಂಡು ಹೋಗುವುದು. ಅದರ ಹಿಂದೆ ಬೇಟೆ ಎಂಬರ್ಥದ ‘ಆಖೇಟ’ ಎಂಬ ಸಂಸ್ಕೃತ ಪದವಿದೆಯೆಂದು ನಿಘಂಟುಕಾರರು ಹೇಳುತ್ತಾರೆ. ಆನೆಗಳ ಹಿಂಡನ್ನು ಅಟ್ಟಿ ಬಲವಾದ ಮರದ ದೊಡ್ಡಿಯೊಳಗೆ ಕೂಡುವ ಈ ವಿಧಾನ ಬಂಗಾಳದ ಕಡೆ ರೂಢಿಯಲ್ಲಿತ್ತು. ಮೈಸೂರು ಸೀಮೆಯಲ್ಲಿ ಹಿಂದೆ ಇದ್ದುದು ಗುಂಡಿಯ ವಿಧಾನ. ಆನೆಗಳು ನಡೆಯುವ ದಾರಿಯಲ್ಲಿ ಆಳವಾದ ಗುಂಡಿಯನ್ನು ತೋಡಿ, ಮೇಲೆ ಕೊಂಬೆಗಳನ್ನೂ ಸೊಪ್ಪನ್ನೂ ಹರಡಿ ಮುಚ್ಚುತ್ತಿದ್ದರು. ಅದರಲ್ಲಿ ಬಿದ್ದ ಆನೆಗಳಲ್ಲಿ ಎಷ್ಟೋ ಆನೆಗಳು ಪೆಟ್ಟಾಗಿ ಸಾಯುತ್ತಿದ್ದವು. ಮೈಸೂರು ಬ್ರಿಟಿಷ್ ಕಮಿಷನರರ ಆಳ್ವಿಕೆಯಲ್ಲಿದ್ದಾಗ ಜಿ. ಪಿ. ಸ್ಯಾಂಡರ್ಸನ್ ಎಂಬ ಅಧಿಕಾರಿಯು ಹಿಂಡನ್ನು ಅಟ್ಟಿ ಹಿಡಿಯುವ ವಿಧಾನವನ್ನು ಇಲ್ಲಿ ಪ್ರಯೋಗಿಸಿ, 1874ರಲ್ಲಿ ಚಾಮರಾಜನಗರದ ಕಡೆಯ ಕಾಡಿನಲ್ಲಿ ಯಶಸ್ಸನ್ನು ಪಡೆದನು. ಅದಕ್ಕೂ ಒಂದು ಶತಮಾನ ಮೊದಲು ಹೈದರಾಲಿಯು ಇಂಥದೇ ಪ್ರಯತ್ನವನ್ನು ಮಾಡಿ ಸೋತಿದ್ದನೆಂಬ ಹೇಳಿಕೆಯನ್ನು ಸ್ಯಾಂಡರ್ಸನ್ 1878ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ದಾಖಲಿಸಿದ್ದಾನೆ. ಮುಂದೆ ಕಬಿನಿ ನದಿಯ ದಡದ ಕಾಕನಕೋಟೆಯು ಖೆಡ್ಡಾಗಳಿಗೆ ಜಗತ್ಪ್ರಸಿದ್ಧವಾಯಿತು. ತಮಟೆಗಳ ಸದ್ದು, ಕೋವಿಗಳ ಸದ್ದು, ಬೆಂಕಿಯ ಸಾಲುಗಳ ನಡುವೆ ಹಿಂಡನ್ನು ಹೊಳೆ ದಾಟಿಸಿ ದೊಡ್ಡಿಗೆ ಕೂಡುವ ನೋಟವನ್ನು ನೋಡಲು ದೇಶವಿದೇಶಗಳ ಅತಿಥಿಗಳು ಬರುತ್ತಿದ್ದರು. ಇಂಗ್ಲಿಷ್ ನಿಘಂಟುಗಳಲ್ಲಿ ‘ಕೆಡ್ಡಾ’ ಎಂಬ ಪದ ನೆಲೆಗೊಂಡಿತು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಮೂಲದಲ್ಲಿ ಖೆಡ್ಡಾ ಎಂದರೆ ಅಟ್ಟುವ ಕ್ರಿಯೆ, ಆನೆಗಳನ್ನು ಕೂಡುವ ದೊಡ್ಡಿ; ಗುಂಡಿಯಲ್ಲ. ಆದರೆ ಕನ್ನಡದ ನುಡಿಗಟ್ಟಿನಲ್ಲಿ ‘ಖೆಡ್ಡಾ ತೋಡು’, ‘ಖೆಡ್ಡಾಕ್ಕೆ ಕೆಡವು’ ಎಂಬ ಮಾತುಗಳು ಬಳಕೆಗೆ ಬಂದಿವೆ. ದೊಡ್ಡಿಯನ್ನು ಯಾರೂ ತೋಡುವುದಿಲ್ಲ. ದೊಡ್ಡಿಗೆ ಯಾರೂ ಬೀಳುವುದಿಲ್ಲ. ಹಳೆಯ ಗುಂಡಿಯ ನೆನಪು ಹೊಸ ಪದದೊಳಗೆ ಸೇರಿಕೊಂಡಿದೆ. ಇಂಗ್ಲಿಷಿನಲ್ಲಿಯೂ ಇಂಥದೇ ಒಂದು ಮಾತಿದೆ. ಮೃಗಗಳನ್ನು ಹಿಡಿಯಲು ತೋಡಿ ಮುಚ್ಚಿಟ್ಟ ಗುಂಡಿಗೆ ಅವರು ‘ಪಿಟ್‌ಫಾಲ್’ ಎಂದರು. ಈಗ ಆ ಪದವನ್ನು ಬಳಸುವವರಲ್ಲಿ ಹೆಚ್ಚಿನವರು ಗುಂಡಿಯನ್ನಾಗಲಿ ಮೃಗವನ್ನಾಗಲಿ ನೆನೆಯುವುದಿಲ್ಲ. ಯಾವುದೇ ಕೆಲಸದಲ್ಲಿ ಅಡಗಿರುವ ಅಪಾಯವೆಂಬುದೇ ಅದರ ಅರ್ಥವಾಗಿದೆ. ಎರಡು ದೂರದ ಭಾಷೆಗಳು ಒಂದೇ ಅನುಭವದಿಂದ ಒಂದೇ ಬಗೆಯ ನುಡಿಗಟ್ಟನ್ನು ಕಟ್ಟಿಕೊಂಡಿವೆ.

ದೊಡ್ಡಿಯೊಳಗೆ ಕೂಡಿದ ಕಾಡಾನೆಗಳ ನಡುವೆ ನುಗ್ಗಿ ಅವುಗಳ ಕಾಲಿಗೆ ಹಗ್ಗ ಬಿಗಿಯಲು ಪಳಗಿದ ಆನೆಗಳು ಬೇಕು. ಅವೇ ಕುಮ್ಕಿಗಳು. ಪರ್ಷಿಯನ್ ಭಾಷೆಯಲ್ಲಿ ‘ಕುಮಕ್’ ಎಂದರೆ ನೆರವು. ನೆರವಿಗೆ ಬರುವ ಆನೆ ಕುಮ್ಕಿ ಆನೆಯಾಯಿತು. ಇಂಗ್ಲಿಷರು ಅದನ್ನು ‘ಕೂಮ್ಕಿ’ ಎಂದು ಬರೆದುಕೊಂಡರು. ಇದೇ ಪದವು ಬೇರೊಂದು ದಾರಿಯಲ್ಲಿ ದಕ್ಷಿಣ ಕನ್ನಡಕ್ಕೂ ಹೋಯಿತು. ಅಲ್ಲಿ ಬೇಸಾಯದ ಜಮೀನಿಗೆ ಹೊಂದಿಕೊಂಡಿದ್ದು, ಸೊಪ್ಪು ಸೌದೆಗಳಿಗೆ ಒದಗಿಬರುವ ಸರಕಾರಿ ಭೂಮಿಯನ್ನು ‘ಕುಮ್ಕಿ’ ಎಂದು ಕರೆಯುತ್ತಾರೆ. ಗದ್ದೆತೋಟಗಳಿಗೆ ನೆರವಾಗುವ ನೆಲವೆಂಬುದು ಅದರ ಭಾವ. ‘ಕುಮ್ಮಕ್ಕು’ ಎಂಬ ಕನ್ನಡದ ಮಾತೂ ಇದರ ಒಡಹುಟ್ಟೇ. ಆದರೆ ಈ ಒಡಹುಟ್ಟಿನ ಗುಣ ಕೆಟ್ಟಿದೆ. ಒಳ್ಳೆಯ ಕೆಲಸಕ್ಕೆ ನೆರವಾದವನನ್ನು ಕುಮ್ಮಕ್ಕು ಕೊಟ್ಟನೆಂದು ಯಾರೂ ಹೊಗಳುವುದಿಲ್ಲ. ತಪ್ಪು ಕೆಲಸಕ್ಕೆ ಬೆಂಬಲವಾಗಿ ನಿಂತವನು ಮಾತ್ರ ಕುಮ್ಮಕ್ಕು ಕೊಟ್ಟವನು. ಒಂದೇ ಬೇರಿನಿಂದ ಹುಟ್ಟಿದ ಪದಗಳಲ್ಲಿ ಒಂದು ಮೇಲೇರಬಹುದು, ಇನ್ನೊಂದು ಕೆಳಗಿಳಿಯಬಹುದು ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಕೆಳಗಿಳಿದ ಪದಗಳಲ್ಲಿ ‘ಮಾವುತ’ನನ್ನೂ ಸೇರಿಸಬಹುದೇನೋ. ಸಂಸ್ಕೃತದ ‘ಮಹಾಮಾತ್ರ’ ಈ ಪದದ ಮೂಲ. ಅಶೋಕ ಚಕ್ರವರ್ತಿಯ ಕಾಲದಲ್ಲಿ ಮಹಾಮಾತ್ರರೆಂದರೆ ರಾಜ್ಯದ ಉನ್ನತ ಅಧಿಕಾರಿಗಳು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲಿರುವ ಅಶೋಕನ ಶಾಸನವು ಸುವರ್ಣಗಿರಿಯ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸುವ ಮಾತಿನಿಂದಲೇ ಆರಂಭವಾಗುತ್ತದೆ. ಆನೆಯ ಮೇಲ್ವಿಚಾರಣೆ ನೋಡುವವನಿಗೂ ಅದೇ ಹೆಸರು ಸಂದಿತು. ಕಾಲಕ್ರಮದಲ್ಲಿ ಅಧಿಕಾರಿಯ ಅರ್ಥ ಮರೆಯಾಯಿತು. ಆನೆಯವನ ಅರ್ಥ ಉಳಿಯಿತು. ಹಿಂದಿಯ ‘ಮಹಾವತ್’, ಕನ್ನಡದ ‘ಮಾವುತ’, ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷಿಗೆ ಹೋದ ‘ಮಹೌಟ್’ ಎಲ್ಲವೂ ಈ ಒಂದೇ ಮನೆತನದವು. ಮಂತ್ರಿಯ ಪದವಿಯಿಂದ ಆನೆಯ ಕುತ್ತಿಗೆಗೆ ಇಳಿದದ್ದು ಹೀನಾಯವೆಂದು ಕೆಲವರಿಗೆ ತೋರಬಹುದು. ಆದರೆ ನಾಲ್ಕೈದು ಸಾವಿರ ಕಿಲೋಗ್ರಾಂ ತೂಗುವ ಪ್ರಾಣಿಯನ್ನು ಬರಿಯ ಮಾತಿನಿಂದಲೂ ಕಾಲ್ಬೆರಳ ಸ್ಪರ್ಶದಿಂದಲೂ ನಡೆಸುವವನಿಗೆ ಆ ಹಳೆಯ ಬಿರುದು ಇಂದಿಗೂ ಸಲ್ಲುತ್ತದೆ.

ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗನೊಬ್ಬನು ಈ ಪದಕ್ಕೆ ಜಗತ್ತಿನಲ್ಲೆಲ್ಲ ಪರಿಚಯವನ್ನು ತಂದುಕೊಟ್ಟನು. ಅವನೇ ಸಾಬು. ರಡ್ಯಾರ್ಡ್ ಕಿಪ್ಲಿಂಗನ ಕಥೆಯೊಂದನ್ನು ಆಧರಿಸಿ 1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ಎಂಬ ಇಂಗ್ಲಿಷ್ ಚಲನಚಿತ್ರದಲ್ಲಿ ಮಾವುತನ ಮನೆಯ ಹುಡುಗನಾಗಿ ಅವನು ಅಭಿನಯಿಸಿದನು. ಮುಂದೆ ಅಮೆರಿಕೆಗೆ ತೆರಳಿ ಖ್ಯಾತ ನಟನಾದನು. ಕಬಿನಿಯ ದಡದಿಂದ ಹೊರಟವು ಪದಗಳಷ್ಟೇ ಅಲ್ಲ, ಅವುಗಳ ಹಿಂದಿದ್ದ ಮನುಷ್ಯರೂ ಹೊರಟರು.

ಮಾವುತನ ಕೈಯಲ್ಲಿರುವುದು ಅಂಕುಶ. ಈ ಸಂಸ್ಕೃತ ಪದವೂ ‘ಅಂಕಸ್’ ಎಂಬ ರೂಪದಲ್ಲಿ ಇಂಗ್ಲಿಷನ್ನು ಸೇರಿದೆ. ಆದರೆ ಅದು ಅಲ್ಲಿಗೆ ಹೋದಾಗ ಅದರ ದೂರದ ನೆಂಟರು ಆಗಲೇ ಅಲ್ಲಿ ಮನೆ ಮಾಡಿಕೊಂಡಿದ್ದರು! ಸಂಸ್ಕೃತ, ಗ್ರೀಕ್, ಲ್ಯಾಟಿನ್, ಇಂಗ್ಲಿಷ್ ಮೊದಲಾದ ಭಾಷೆಗಳು ಒಂದೇ ಮೂಲ ಕುಟುಂಬಕ್ಕೆ ಸೇರಿದವು. ಆ ಮೂಲಭಾಷೆಯಲ್ಲಿ ಬಾಗುವುದು ಎಂಬರ್ಥದ ಒಂದು ಧಾತುವಿತ್ತು. ಅದರಿಂದ ಸಂಸ್ಕೃತದಲ್ಲಿ ಬಾಗಿದ ಕೊಕ್ಕೆಯುಳ್ಳ ‘ಅಂಕುಶ’ ಹುಟ್ಟಿತು; ಗ್ರೀಕಿನ ಮೂಲಕ ಇಂಗ್ಲಿಷಿಗೆ ಹಡಗಿನ ಲಂಗರು ಎಂಬರ್ಥದ ‘ಆಂಕರ್’ ಬಂದಿತು; ಲ್ಯಾಟಿನ್ನಿನ ಮೂಲಕ ಕೋನವೆಂಬರ್ಥದ ‘ಆಂಗಲ್’ ಬಂದಿತು. ಮೀನಿನ ಗಾಳಕ್ಕೂ ಹಳೆಯ ಇಂಗ್ಲಿಷಿನಲ್ಲಿ ಇದೇ ಬೇರಿನ ಹೆಸರಿತ್ತು. ‘ಆಂಗ್ಲ’ ಎಂಬ ಜನಾಂಗದ ಹೆಸರು ಕೂಡ, ಗಾಳದಂತೆ ಬಾಗಿದ್ದ ಅವರ ಮೂಲ ನಾಡಿನಿಂದ ಬಂದಿರಬೇಕೆಂದು ಕೆಲವು ವಿದ್ವಾಂಸರು ಊಹಿಸುತ್ತಾರೆ.

ಉಪಕರಣ ಒಂದೇ ಆದರೂ ಅದರಿಂದ ಹುಟ್ಟುವ ನುಡಿಗಟ್ಟು ಒಂದೇ ಆಗಬೇಕೆಂದಿಲ್ಲ. ಕನ್ನಡದಲ್ಲಿ ‘ಅಂಕುಶ ಹಾಕು’ ಎಂದರೆ ಹತೋಟಿಯಲ್ಲಿಡು ಎಂದರ್ಥ. ‘ಕಡಿವಾಣ ಹಾಕು’ ಎಂಬುದೂ ಹಾಗೆಯೇ. ಇಂಗ್ಲಿಷಿನವರು ದನಗಳನ್ನು ತಿವಿದು ಓಡಿಸುವ ಕೋಲಿಗೆ ‘ಗೋಡ್’ ಎನ್ನುತ್ತಾರೆ. ಅಂಕುಶಕ್ಕೂ ಅದೇ ಪದವನ್ನು ಬಳಸುತ್ತಾರೆ. ಆದರೆ ಅವರ ಮಾತಿನಲ್ಲಿ ಒಬ್ಬನನ್ನು ‘ಗೋಡ್’ ಮಾಡುವುದೆಂದರೆ ಕೆಣಕಿ ಕೆಲಸಕ್ಕೆ ತೊಡಗಿಸುವುದು. ಒಂದು ಭಾಷೆ ನಿಲ್ಲಿಸುವುದನ್ನು ಕಂಡಿತು, ಇನ್ನೊಂದು ಓಡಿಸುವುದನ್ನು ಕಂಡಿತು. ಆದುದರಿಂದಲೇ ನುಡಿಗಟ್ಟುಗಳನ್ನು ಪದಕ್ಕೆ ಪದವಿಟ್ಟು ಭಾಷಾಂತರಿಸಲಾಗದು.

ಆನೆಗೆ ಮದವೇರುವುದನ್ನು ಇಂಗ್ಲಿಷಿನಲ್ಲಿ ‘ಮಸ್ತ್’ ಎನ್ನುತ್ತಾರೆ. ಇದು ಅಮಲೇರಿದ ಸ್ಥಿತಿಯನ್ನು ಹೇಳುವ ಪರ್ಷಿಯನ್ ಪದ. ‘ಊಟ ಮಸ್ತಾಗಿತ್ತು’ ಎಂದು ಹೇಳುವ ಹುಡುಗನ ಬಾಯಲ್ಲಿರುವುದೂ ಅದೇ ಪದ. ಸಂಸ್ಕೃತದ ‘ಮತ್ತ’ ಇದರ ಸೋದರ. ಮದ, ಮದ್ಯ, ಉನ್ಮಾದ, ಪ್ರಮಾದ ಎಲ್ಲವೂ ಇದರ ಬಳಗ. ಆದರೆ ಹುಚ್ಚು ಎಂಬರ್ಥದ ಇಂಗ್ಲಿಷಿನ ‘ಮ್ಯಾಡ್’ ಈ ಬಳಗಕ್ಕೆ ಸೇರಿದುದಲ್ಲ. ಧ್ವನಿಯೂ ಅರ್ಥವೂ ಇಷ್ಟು ಹತ್ತಿರವಿದ್ದರೂ ಅದು ಬೇರೆಯೇ ಬೇರಿನಿಂದ ಹುಟ್ಟಿದೆ. ‘ಕಾಕನಕೋಟೆ’ ಎಂಬ ಪ್ರಸಿದ್ಧ ನಾಟಕವನ್ನು ಬರೆದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಊರು ‘ಮಾಸ್ತಿ’ಗೂ ‘ಮಸ್ತಿ’ಗೂ ನಂಟಿಲ್ಲ, ‘ಮಹಾಸತಿ’ ಎಂಬುದರ ತದ್ಭವ ‘ಮಾಸ್ತಿ’. ಹಾಗೆಯೇ ಮೈಸೂರಿನ ‘ಜಂಬೂ ಸವಾರಿ’ಯನ್ನೂ ಇಂಗ್ಲಿಷಿನ ‘ಜಂಬೋ’ವನ್ನೂ ಜೋಡಿಸಿ ಮಾತನಾಡುವವರಿದ್ದಾರೆ. ಜಂಬೋ ಎಂಬುದು 1865ರಲ್ಲಿ ಲಂಡನ್ನಿನ ಮೃಗಾಲಯಕ್ಕೆ ಬಂದು, 1882ರಲ್ಲಿ ಅಮೆರಿಕದ ಸರ್ಕಸ್ಸಿಗೆ ಮಾರಾಟವಾಗಿ, 1885ರಲ್ಲಿ ರೈಲಿಗೆ ಸಿಕ್ಕಿ ಸತ್ತ ಒಂದು ಭಾರಿ ಆನೆಯ ಹೆಸರು. ಅದರ ಗಾತ್ರದಿಂದಾಗಿ ದೊಡ್ಡದೆಲ್ಲವೂ ‘ಜಂಬೋ’ ಎನಿಸಿ, ಕೊನೆಗೆ ವಿಮಾನಕ್ಕೂ ಆ ಹೆಸರು ಬಂದಿತು. ಎರಡು ಪದಗಳು ಕಿವಿಗೆ ಒಂದೇ ಬಗೆಯಾಗಿ ಕೇಳಿಸಿದ ಮಾತ್ರಕ್ಕೆ ಅವು ಬಂಧುಗಳಾಗುವುದಿಲ್ಲ. ಯಾವ ಪದ ಯಾವ ಕಾಲದಲ್ಲಿ ಯಾವ ರೂಪದಲ್ಲಿ ಬರೆಯಲ್ಪಟ್ಟಿತು ಎಂಬ ಸಾಕ್ಷ್ಯವೇ ಪದಶಾಸ್ತ್ರದ ಆಧಾರ. ಹೋಲಿಕೆಯು ಕೇವಲ ಸಂಶಯಕ್ಕೆ ಕಾರಣವಾಗಬಲ್ಲದು, ನಿರ್ಣಯಕ್ಕಲ್ಲ.

ಆನೆಯ ಬೆನ್ನಿನ ಮೇಲಿನ ಪೀಠಕ್ಕೆ ಇಂಗ್ಲಿಷಿನಲ್ಲಿ ‘ಹೌಡಾ’ ಎಂಬ ಹೆಸರಿದೆ. ಅರಬ್ಬಿಯಲ್ಲಿ ಒಂಟೆಯ ಮೇಲಿನ ಪಲ್ಲಕ್ಕಿಗೆ ಇದ್ದ ‘ಹೌದಜ್’ ಎಂಬ ಪದ ಉರ್ದುವಿನಲ್ಲಿ ‘ಹೌದಾ’ ಆಗಿ ಅಲ್ಲಿಗೆ ಹೋಯಿತು. ಮರುಭೂಮಿಯ ಒಂಟೆಯಿಂದ ಇಳಿದು ಮಲೆನಾಡಿನ ಆನೆಯನ್ನೇರಿದ ಪದವಿದು. ಮಂಟಪದಂತೆ ಮೇಲ್ಛಾವಣಿಯುಳ್ಳ ‘ಅಂಬಾರಿ’ಯೂ ಪರ್ಷಿಯನ್ನಿನ ‘ಅಮಾರಿ’ಯಿಂದ ಬಂದುದೇ. ಕನ್ನಡಿಗರ ಹೆಮ್ಮೆಯ ಕುರುಹಾಗಿರುವ ಅಂಬಾರಿಯು ಹೊರಗಿನಿಂದ ಬಂದ ಪದವೆಂದು ತಿಳಿದರೆ ಹೆಮ್ಮೆ ಕುಂದಬೇಕಾಗಿಲ್ಲ. ಬಂದವರನ್ನು ಮನೆಯವರನ್ನಾಗಿ ಮಾಡಿಕೊಳ್ಳುವುದು ಜೀವಂತ ಭಾಷೆಯ ಲಕ್ಷಣ.

ಕೆಲವು ಸಲ ಮಾತು ಹೋದೆಡೆಯಲ್ಲಿ ಅರ್ಥ ತಲೆಕೆಳಗಾಗುತ್ತದೆ. ಆನೆಗಳು ವಾಸಿಸುವ ದಟ್ಟವಾದ ಕಾಡಿಗೆ ಇಂಗ್ಲಿಷಿನವರು ‘ಜಂಗಲ್’ ಎನ್ನುತ್ತಾರೆ. ಇದರ ಮೂಲವಾದ ಸಂಸ್ಕೃತದ ‘ಜಂಗಲ’ ಎಂದರೆ ನೀರಿನ ಅಭಾವವುಳ್ಳ ಒಣಭೂಮಿ. ಆಯುರ್ವೇದ ಗ್ರಂಥಗಳಲ್ಲಿ ಜೌಗು ನೆಲಕ್ಕೆ ಆನೂಪವೆಂದೂ ಒಣನೆಲಕ್ಕೆ ಜಾಂಗಲವೆಂದೂ ಹೆಸರಿದೆ. ಬೇಸಾಯವಿಲ್ಲದ ನೆಲ, ಕುರುಚಲು ಬೆಳೆದ ನೆಲ, ಕಾಡು ಎಂದು ಅರ್ಥವು ಮೆಟ್ಟಿಲು ಮೆಟ್ಟಿಲಾಗಿ ಸರಿದು, ಒಣಗಿದ ಪದವೇ ಹಸಿರಾಗಿ ಬೆಳೆಯಿತು.

‘ಬಿಳಿಯಾನೆ’ಯ ಕಥೆ ಇದಕ್ಕೆ ವಿರುದ್ಧವಾದುದು. ಭಾರತದ ಪುರಾಣಗಳಲ್ಲಿ ಇಂದ್ರನ ವಾಹನವಾದ ಐರಾವತವು ಬಿಳಿಯಾನೆ. ಸಯಾಂ ದೇಶದಲ್ಲಿಯೂ ಬಿಳಿಯಾನೆ ಪವಿತ್ರವಾದುದು; ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಅಲ್ಲಿನ ಧ್ವಜದ ಮೇಲೂ ಅದರ ಚಿತ್ರವಿತ್ತು. ಆದರೆ ಆ ದೇಶದ ದೊರೆಯು ತನಗಾಗದ ಸರದಾರನಿಗೆ ಬಿಳಿಯಾನೆಯನ್ನು ಉಡುಗೊರೆಯಾಗಿ ಕೊಡುತ್ತಿದ್ದನೆಂದೂ, ದುಡಿಸಿಕೊಳ್ಳಲೂ ಆಗದೆ ಬಿಡಲೂ ಆಗದೆ ಅದನ್ನು ಸಾಕುವ ವೆಚ್ಚದಿಂದಲೇ ಆ ಸರದಾರನು ಹಾಳಾಗುತ್ತಿದ್ದನೆಂದೂ ಒಂದು ಕಥೆ ಇಂಗ್ಲಿಷರಲ್ಲಿ ಹರಡಿತು. ಅದರಿಂದ ಪ್ರಯೋಜನಕ್ಕಿಂತ ವೆಚ್ಚವೇ ಹೆಚ್ಚಾದ ವಸ್ತು ‘ವೈಟ್ ಎಲಿಫೆಂಟ್’ ಎನಿಸಿತು. ಇಂಗ್ಲಿಷಿನ ಈ ನುಡಿಗಟ್ಟು ಕನ್ನಡಕ್ಕೆ ಭಾಷಾಂತರವಾಗಿ ಬಂದು, ನಷ್ಟದಲ್ಲಿ ನಡೆಯುವ ಉದ್ಯಮಗಳನ್ನು ಪತ್ರಿಕೆಗಳು ‘ಬಿಳಿಯಾನೆ’ ಎಂದು ಕರೆಯತೊಡಗಿದವು. ಅದೇ ನಾಡಿನಲ್ಲಿ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು ತನ್ನ ಉತ್ತಮ ಬಸ್ಸುಗಳಿಗೆ ‘ಐರಾವತ’, ‘ಅಂಬಾರಿ’ ಎಂಬ ಹೆಸರುಗಳನ್ನಿಟ್ಟಿದೆ. ಹೀಗೆ ಒಂದೇ ಬಿಳಿಯಾನೆ ಒಂದು ಹೆಸರಿನಿಂದ ಹೊರೆಯಾಗಿ, ಇನ್ನೊಂದು ಹೆಸರಿನಿಂದ ಗೌರವವಾಗಿ ಕನ್ನಡದಲ್ಲಿ ಬಾಳುತ್ತಿದೆ. ಆನೆಯ ಹಸಿವನ್ನು ಬಲ್ಲ ಕನ್ನಡಿಗರು ‘ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ’ ಎಂಬ ಗಾದೆಯನ್ನು ಯಾರಿಂದಲೂ ಎರವಲು ಪಡೆಯಲಿಲ್ಲ.

ಇಂಗ್ಲಿಷಿಗೆ ಹೋದ ಇಂತಹ ಪದಗಳನ್ನು ಕಲೆಹಾಕಿ ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ಎಂಬ ಇಬ್ಬರು ವಿದ್ವಾಂಸರು ‘ಹಾಬ್ಸನ್ ಜಾಬ್ಸನ್’ ಎಂಬ ನಿಘಂಟನ್ನು ಸಿದ್ಧಪಡಿಸಿದರು. ಅದು 1886ರಲ್ಲಿ ಪ್ರಕಟವಾಯಿತು. ಎಂಟು ವರ್ಷಗಳ ಬಳಿಕ, 1894ರಲ್ಲಿ, ಫರ್ಡಿನೆಂಡ್ ಕಿಟೆಲರ ಕನ್ನಡ ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಪರದೇಶದಿಂದ ಬಂದವರು ಒಂದೊಂದು ಪದಕ್ಕಾಗಿ ಪಟ್ಟ ಶ್ರಮ ಬೆರಗುಗೊಳಿಸುವಂಥದು. ಆದರೂ ಒಂದು ಸಂಗತಿಯನ್ನು ಮರೆಯಬಾರದು. ಇಂಗ್ಲಿಷನ್ನು ಸೇರಿದ ಆನೆಯ ಪದಗಳಲ್ಲಿ ಹೆಚ್ಚಿನವು ಹಿಂದಿ, ಪರ್ಷಿಯನ್, ಅರಬ್ಬಿಗಳಿಂದ ಬಂದವು. ಆಸ್ಥಾನದ, ಸೈನ್ಯದ, ಸವಾರಿಯ ಮಾತುಗಳು ಅವು. ಕಾಕನಕೋಟೆಯಲ್ಲಿ ಆನೆಯ ಜಾಡನ್ನು ಹಿಡಿದು ಮುಂದೆ ನಡೆದವರು ಜೇನುಕುರುಬರೇ ಮೊದಲಾದ ಕಾಡಿನ ಜನ. ಹಿಂಡಿನ ಹಾದಿ, ಹೆಜ್ಜೆಯ ಗುರುತು, ಮೇವಿನ ಗಿಡ, ಮರಿಯ ಕೂಗು ಇವುಗಳನ್ನೆಲ್ಲ ಹೆಸರಿಟ್ಟು ಬಲ್ಲವರು ಅವರು. ಅವರ ಮಾತುಗಳು ಆ ದಾರಿಯಲ್ಲಿ ಹೋಗಲಿಲ್ಲ. ‘ಸಲಗ’ವಾಗಲಿ, ಮಾವುತನ ಜೊತೆಗಾರನೆಂಬ ಅರ್ಥದ ‘ಕಾವಾಡಿ’ಯಾಗಲಿ ಸಾಮಾನ್ಯ ಇಂಗ್ಲಿಷ್ ನಿಘಂಟುಗಳಲ್ಲಿ ಸ್ಥಾನವನ್ನು ಪಡೆಯಲಿಲ್ಲ. ಬರೆಯುವವರು ಯಾರ ಮಾತನ್ನು ಕೇಳುತ್ತಾರೋ ಅವರ ಪದಗಳು ಉಳಿಯುತ್ತವೆ.

1971ರಲ್ಲಿ ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆಯಿತು. ಮುಂದೆ ವನ್ಯಜೀವಿಗಳ ರಕ್ಷಣೆಗೆ ಕಾನೂನುಗಳು ಬಂದವು. ಆ ಕ್ರೂರ ವೈಭವ ಮತ್ತೆ ನಡೆಯಲಿಲ್ಲ. 1974ರಲ್ಲಿ ಕಬಿನಿಯ ಅಣೆಕಟ್ಟು ಪೂರ್ಣಗೊಂಡು, ಆ ಕಾಡಿನ ಒಂದು ಭಾಗ ಹಿನ್ನೀರಿನಲ್ಲಿ ಮುಳುಗಿತು. ಹಾಡಿಗಳ ಜನ ಬೇರೆಡೆಗೆ ಸರಿದರು. ವಸ್ತು ಹೋಯಿತು, ಸ್ಥಳವೂ ಹೋಯಿತು. ಪದ ಮಾತ್ರ ನಿಂತಿದೆ. ಖೆಡ್ಡಾದಲ್ಲಿ ಸೆರೆಸಿಕ್ಕ ಅರ್ಜುನನೂ ಈಗ ಇಲ್ಲ. ಆದರೂ ಯಾರೋ ಯಾರನ್ನೋ ‘ಖೆಡ್ಡಾಕ್ಕೆ ಕೆಡವಿದರು’ ಎಂಬ ಮಾತು ನಾಳೆಯ ಪತ್ರಿಕೆಯಲ್ಲಿ ಕಾಣಬಹುದು.

ಬರವಣಿಗೆಗೆ ಏರಿದ ಪದಕ್ಕೆ ಈ ಭಾಗ್ಯವುಂಟು. ಏರದ ಪದವು ಅದನ್ನು ಬಲ್ಲ ಕೊನೆಯ ಹಿರಿಯರೊಡನೆ ಹೋಗುತ್ತದೆ. ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಡೆಯ ಹಾಡಿಗಳಲ್ಲಿ ಕಾಡಿನ ಮಾತನ್ನು ಬಲ್ಲ ಅಜ್ಜ ಅಜ್ಜಿಯರು ಇನ್ನೂ ಇದ್ದಾರೆ. ಆನೆಯ ಶಿಬಿರಗಳಲ್ಲಿ ಮಾವುತರೂ ಕಾವಾಡಿಗಳೂ ಇದ್ದಾರೆ. ಅವರ ಬಳಿ ಕುಳಿತು, ಕೇಳಿದ ಒಂದೊಂದು ಪದವನ್ನೂ ಅದರ ಅರ್ಥದೊಡನೆ ಬರೆದಿಡಲು ಪಾಂಡಿತ್ಯವೇನೂ ಬೇಡ. ಒಂದು ಪುಸ್ತಕ, ಒಂದು ಲೇಖನಿ, ಕೇಳುವ ತಾಳ್ಮೆ ಇದ್ದರೆ ಸಾಕು. ಯೂಲ್, ಬರ್ನೆಲ್, ಕಿಟೆಲರು ಮಾಡಿದ ಕೆಲಸದಲ್ಲಿ ಉಳಿದುಹೋದ ಭಾಗವನ್ನು ಹಂಪಾಪುರದ ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೂ ಮುಂದುವರಿಸಬಹುದು.